ಇಲ್ಲದ ಜ್ವರ ಹೇಳಬ್ಯಾಡ, ತಂಗಿ

ಹಾಂ, ತಂಗೀ, ದೊಡ್ಡವ್ವ ಮಾತಾಡಾಕತ್ತೀನಿ. ನಿನ್ನೆ ರಾತ್ರಿ ನೀ ಗ್ರೂಪಿನ್ಯಾಗ ಹಾಕಿದ್ದು ಈಗ ನೋಡಿದೆ. ಎರಡನೇ, ನಾಕನೇ ಶನಿವಾರ 10ರಿಂದ 5ರ ತನಕ ಕೂಸು ಅವರಪ್ಪನ ಕಡೆ ಇರಬೇಕಂತ ಕೋರ್ಟ್ ಆರ್ಡರ್ ಐತಿ, ಹೋದ ಸಲ ಬಂದ ಮ್ಯಾಲೆ ರಾತ್ರಿಯೆಲ್ಲಾ ಅತ್ತಾಳ, ಅಂವಾ ಎರಡು ತಿಂಗಳಿಂದ ಜೀವನಾಂಶದ ರೊಕ್ಕಾನೂ ಕೊಟ್ಟಿಲ್ಲ, ಈ ಶನಿವಾರ ಜ್ವರ ಅಂತ ಹೇಳಿ ಇಟಗೊಳ್ಳಲೇನು ಅಂತ ಕೇಳಿದಿ. ಬ್ಯಾಡ ತಂಗಿ. ಇಲ್ಲದ ಜ್ವರ ಹೇಳಬ್ಯಾಡ. ನಾ ಹೇಳಿ ನೋಡೀನಿ.

ನಮ್ಮ ದೊಡ್ಡ ಮಗಳು ಗಂಡನ ಬಿಟ್ಟು ವಾಪಸ್ ಮನಿಗೆ ಬಂದಿದ್ದು ನಿಮಗೆಲ್ಲಾ ಗೊತ್ತೈತಿ. ಆವಾಗ ಅಕಿ ಹುಡುಗಗ ನಾಕ್ ವರ್ಷ. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿ ಕಡೇನ ಇರಬೇಕಂತ 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆದಾಗ ಐತೆಂತ ಯಾರೋ ಹೇಳಿದ್ರು, ನಾ ಅದನ್ನ ಗಟ್ಟಿ ಹಿಡಕೊಂಡು ಕುಂತೆ. ಕಾಯ್ದೆ ಸುಳ್ಳಲ್ಲ. ಆದ್ರ ಕೂಸು ತಾಯಿ ಕಡೆ ಇರೂದು ಬ್ಯಾರೆ, ತಂದೀಗೆ ತೋರಸದಂಗ ಇಡೂದು ಬ್ಯಾರೆ. ಇಷ್ಟು ನನ್ನ ತಲ್ಯಾಗ ಹೋಗಲಿಲ್ಲ.

ನಮಗ ಭಾನುವಾರ ಕೊಟ್ಟಿದ್ರು. ಮುಂಜಾನೆ ಹತ್ತಕ್ಕ ಹುಬ್ಬಳ್ಳಿ ಸಿದ್ಧಾರೂಢ ಮಠದ ಮುಂದ ಹುಡುಗನ್ನ ಅಂವನ ಕೈಯಾಗ ಕೊಡಬೇಕು. ಮಗಳಿಗೆ ಅಂವನ ಮಾರಿ ನೋಡಾಕ ಆಗತಿದ್ದಿಲ್ಲ, ಅದಕ ನಾನ ಕರಕೊಂಡು ಹೋಗತಿದ್ದೆ. ಒಂದ್ ಭಾನುವಾರ ಸಿಟ್ಟು ನೆತ್ತಿಗೇರಿ ಜ್ವರ ಅಂತ ಹೇಳಿಸಿ, ಫೋನ್ ಬಂದ್ ಮಾಡಿ, ಬಾಗಲಾ ಹಾಕಿದೆ. ಹುಡುಗ ಚಪ್ಪಲಿ ಎಡಾ ಬಲಾ ಅದಲ ಬದಲ ಹಾಕ್ಕೊಂಡು, ನೀರಿನ ಬಾಟ್ಲಿ ಕೊಳ್ಳಾಗ ಹಾಕ್ಕೊಂಡು ಹೊಸ್ತಿಲದಾಗ ಕುಂತಿದ್ದ. ಅಪ್ಪ ಇವತ್ತ ಬರಂಗಿಲ್ಲಂತ ಅಂದೆ. ಅಳಲಿಲ್ಲ. ಹನ್ನೆರಡರ ತನಕ ಹಂಗ ಕುಂತಿದ್ದ, ಆಮ್ಯಾಲೆ ತಾನ ಚಪ್ಪಲಿ ಬಿಚ್ಚಿ ಮೂಲ್ಯಾಗ ಇಟ್ಟ. ಅಲ್ಲಿ ಅವರಪ್ಪ ಮಧ್ಯಾಹ್ನದ ತನಕ ಆಟಿಗಿ ಟ್ರ್ಯಾಕ್ಟರ್ ಕೈಯಾಗ ಹಿಡಕೊಂಡು ಕುಂತಿದ್ನಂತ. ಮಠದ ಮುಂದ ಹೂವು ಮಾರೋ ಮುದುಕಿ ಆಮ್ಯಾಲೆ ನನಗ ಹೇಳಿದ್ಲು.

ಹಂಗ ಮೂರು ಭಾನುವಾರ ಮಾಡಿದೆ. ಅವರ ವಕೀಲರು ಅರ್ಜಿ ಹಾಕಿದ್ರು. ತಾರೀಖಿಗೆ ಹೋದಾಗ ಜಡ್ಜ್ ಸಾಹೇಬ್ರು ನನ್ನ ಮಗಳಿಗೆ ಕೇಳಿದ್ದು ಒಂದ ಮಾತು: ಜ್ವರ ಬಂದಿದ್ದಕ್ಕ ಡಾಕ್ಟರ್ ಚೀಟಿ ಎಲ್ಲೈತಿ? ಎಲ್ಲಿಂದ ತರಬೇಕು? ಆಮ್ಯಾಲೆ ಹುಡುಗನ್ನ ಒಳಗ ಕರದು ಮಾತಾಡಿಸಿದ್ರು. ಅಂವಾ ಇದ್ದದ್ದು ಇದ್ದಂಗ ಹೇಳಿದ, ಆಯಿ ಬಾಗಲಾ ಹಾಕಿದ್ಲು ಅಂತ. ಅವತ್ತಿಂದ ಮಗಳು ಖರೇ ಹೇಳಿದ್ರೂ ಕೋರ್ಟಿನ್ಯಾಗ ಅನುಮಾನಲೇ ನೋಡೂ ಹಂಗಾತು. ಭಾನುವಾರ ಇದ್ದದ್ದು ಶನಿವಾರ ರಾತ್ರಿ ಸುದ್ದಾ ಅಲ್ಲೇ ಇರೂದಾತು. ತಪ್ಪು ನಂದು, ಅನುಭವಿಸಿದಾಕಿ ಅಕಿ. ಹುಡುಗ ಈಗ ಪಿಯುಸಿ. ಹೋದ ಶ್ರಾವಣದಾಗ ಊಟಕ್ಕ ಕುಂತಾಗ ಕೇಳಿದ, ಆಯಿ, ಅವತ್ತ ಅಪ್ಪ ಬಂದಿದ್ನಲಾ? ನನಗ ತುತ್ತು ಇಳೀಲಿಲ್ಲ. ಅದಕ ಮತ್ತ ಹೇಳತೀನಿ, ಇಲ್ಲದ ಜ್ವರ ಹೇಳಬ್ಯಾಡ ತಂಗಿ, ಬಾಗಲಾ ಹಾಕಬ್ಯಾಡ.

ಇನ್ನೊಂದು, ಗ್ರೂಪಿನ್ಯಾಗ ಎಲ್ಲಾರೂ ಇದ್ದೀರಿ, ಕೇಳ್ರಿ. ನನ್ನ ಮಗಳ ಲಗ್ನಕ್ಕ ನೀವೆಲ್ಲಾ ಬಂದಿದ್ರಿ, ಆಯೇರಿ ಸೀರಿ ಚಲೋ ಇಲ್ಲಂತ ಮಾರಿ ಉಬ್ಬಿಸಿದವರೂ ಇದ್ದೀರಿ. ಅದ ಮಗಳ ಸಂಗಾಟ ಕೋರ್ಟಿನ ವರಾಂಡಾದಾಗ ಕುಂದ್ರಾಕ ಮೂರು ವರ್ಷದಾಗ ಒಬ್ಬರೂ ಬರಲಿಲ್ಲ. ಬೆಂಚಿನ ಮ್ಯಾಲೆ ನಾವಿಬ್ಬರ, ನಡುವ ಊಟದ ಡಬ್ಬಿ. ಎದುರು ಅವರ ಕಡೆಯವರು ಎಂಟ್ ಹತ್ ಮಂದಿ. ಹೊಂದಿಕೊಂಡು ಹೋಗಬೇಕಿತ್ತು ಅಂತ ಫೋನ್ ಮಾಡಿ ಹೇಳಾಕ ಮಾತ್ರ ಎಲ್ಲಾರಿಗೂ ಪುರಸೊತ್ತಿತ್ತು. ನಿನ್ನೆ ಈ ಹುಡುಗಿ ಕೇಳಿದ್ದಕ್ಕೂ ಯಾರೂ ಒಂದ್ ಮಾತು ಅಂದಿಲ್ಲ. ನನಗ ಭಾಳ ಕೆಟ್ಟ ಅನಸೇತಿ.

ಅಯ್ಯ, ಹೇಳಬೇಕಾದ್ದ ಉಳೀತು. ತಂಗೀ, ಆರ್ಡರಿನ ಸರ್ಟಿಫೈಡ್ ಕಾಪಿ, ಅಂದ್ರ ಕೋರ್ಟು ಸಿಕ್ಕಾ ಹಾಕಿ ಕೊಟ್ಟ ನಕಲು, ತಗದು ಮತ್ತೊಮ್ಮೆ ಓದು, ವ್ಯಾಳೆ ಜಾಗಾ ಏನ್ ಬರದಾರ ಹಂಗ ನಡಿ. ಕೂಸಿಗೆ ಖರೇನ ಜ್ವರ ಬಂದ್ರ ಡಾಕ್ಟರ್ ಚೀಟಿ ಇಟಗೋ, ಅವತ್ತ ಅಂವಗ ಮೆಸೇಜ್ ಮಾಡು, ಬರೇ ಫೋನಿನ್ಯಾಗ ಹೇಳಿದ್ರ ಉಳಿಯಂಗಿಲ್ಲ. ಈ ದಿನದ ಬದಲಿ ಇಂಥಾ ದಿನ ಕಳಸತೀನಿ ಅಂತ ನೀನ ಬರಿ. ವಿಡಿಯೋ ಕಾಲ್ ಮಾಡಿ ಕೂಸಿನ್ನ ತೋರಸು. ರೊಕ್ಕ ಕೊಟ್ಟಿಲ್ಲಂತ ಕೂಸಿನ್ನ ತಡೀಬ್ಯಾಡ, ಜೀವನಾಂಶದ ಬಾಕಿಗೆ ಬ್ಯಾರೆ ಅರ್ಜಿ ಐತಿ, ಅದನ್ನ ಬಿಡಲೂ ಬ್ಯಾಡ.

ಕೂಸು ರಾತ್ರಿ ಯಾಕ ಅತ್ಲು, ಕುಂದ್ರಿಸ್ಕೊಂಡು ಸಾವಕಾಶ ಕೇಳು. ನಿನ್ನ ಬಿಟ್ಟು ಹೋಗಿದ್ದಕ್ಕ ಅತ್ತಿದ್ರ ದಿನಾ ಕಳದಂಗ ಹೊಂದತಾಳ. ಅಲ್ಲಿ ಬ್ಯಾರೆ ಏನರ ಆಗೇತಿ ಅಂದ್ರ, ಹೊಡದಾರ, ಕುಡದು ಗಾಡಿ ಮ್ಯಾಲೆ ಕರಕೊಂಡು ಹೋಗ್ಯಾರ ಅಂದ್ರ, ಒಂದ್ ದಿನಾನೂ ತಡಾ ಮಾಡಬ್ಯಾಡ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡು, ಅದ ಕೋರ್ಟಿಗೆ ಹೋಗಿ ಆರ್ಡರ್ ಬದಲ ಮಾಡ್ರಿ ಅಂತ ಅರ್ಜಿ ಹಾಕು. ಮಕ್ಕಳ ಆರ್ಡರು ಕಲ್ಲಿನ ಮ್ಯಾಲೆ ಬರದಿದ್ದಲ್ಲ, ಕೂಸಿನ ಹಿತ ನೋಡಿ ಕೋರ್ಟು ಬದಲ ಮಾಡತೈತಿ. ವಕೀಲರಿಗೆ ರೊಕ್ಕಿಲ್ಲಂತ ಕೈ ಕಟ್ಟಿ ಕುಂದ್ರಬ್ಯಾಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗೆ ಆದಾಯ ಕೇಳದೆ ಪುಕ್ಕಟ್ಟ ವಕೀಲರನ್ನ ಕೊಡತಾರ, 15100ಕ್ಕ ಫೋನ್ ಮಾಡಿದ್ರ ದಾರಿ ಹೇಳತಾರ.

ಶನಿವಾರ ಕೂಸಿನ ಚೀಲದಾಗ ಒಂದ್ ಜೋಡಿ ಅರಬಿ, ಅಕಿ ಹೊದಕೊಳ್ಳೋ ದುಪ್ಪಟಿ ಇಡು, ಪರಿಚಯದ ವಾಸನಿ ಇದ್ರ ಮಧ್ಯಾಹ್ನ ಮಲಗತಾಳ. ಅಂವನ ಎದುರು ನಿಂದ್ರಾಕ ನಿನಗ ಆಗಲಿಲ್ಲಂದ್ರ ನಾ ನಿಂದರತೀನಿ. ಧಾರವಾಡದಿಂದ ಎಂಟೂವರಿ ಚಿಗರಿ ಬಸ್ ಹತ್ತಿ ಬರತೀನಿ, ಒಂಬತ್ತೂವರಿಗೆ ಹುಬ್ಬಳ್ಳಿ ಹೊಸೂರ ಸ್ಟಾಪಿನ್ಯಾಗ ಬಂದು ನಿಂದ್ರು.