ಕ್ಯಾನ್ಸರ್ ದಿನಚರಿಯ ಒರಟು ಪುಟಗಳನ್ನು ಆಡ್ರಿ ಲಾರ್ಡ್ ತಿದ್ದದೆ ಬಿಟ್ಟದ್ದೇಕೆ?

ಪ್ರಶ್ನೆ

ಆಡ್ರಿ ಲಾರ್ಡ್ ಅವರ ‘ದ ಕ್ಯಾನ್ಸರ್ ಜರ್ನಲ್ಸ್’ ಓದಿ ಮುಗಿಸಿದೆ. ನ್ಯೂಯಾರ್ಕಿನ ಈ ಕಪ್ಪು ಲೆಸ್ಬಿಯನ್ ಕವಿಗೆ 1978ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗಿ ಬಲ ಸ್ತನವನ್ನು ತೆಗೆಯಲಾಯಿತು. 1980ರಲ್ಲಿ ಪ್ರಕಟವಾದ ಈ ಪುಸ್ತಕದಲ್ಲಿ ಅವರು ಗಟ್ಟಿ ವಾದದ ಪ್ರಬಂಧಗಳ ನಡುನಡುವೆ ಆ ದಿನಗಳ ದಿನಚರಿಯ ತುಣುಕುಗಳನ್ನು, ಅವುಗಳ ಭಯ ಮತ್ತು ದಣಿವಿನ ಸಮೇತ, ಇಟ್ಟಿದ್ದಾರೆ. ನನ್ನ ಚಿಕಿತ್ಸೆ ಮುಗಿದು ಎರಡು ವರ್ಷವಾಯಿತು, ನಾನೂ ಕ್ವಿಯರ್. ಬರೆಯಲು ಕುಳಿತಾಗಲೆಲ್ಲ ಅಂದಿನ ಟಿಪ್ಪಣಿಗಳ ಗೋಳು ಮುಜುಗರ ತರುತ್ತದೆ. ಅವನ್ನು ತಿದ್ದಿ ಒಂದು ಹದಕ್ಕೆ ತಂದರೆ ತಪ್ಪೇ?

ಉತ್ತರ 1

ಆ ಪುಸ್ತಕದಲ್ಲಿ ಆಸ್ಪತ್ರೆಯ ಒಂದು ಪ್ರಸಂಗವಿದೆ, ಅದನ್ನು ಇನ್ನೊಮ್ಮೆ ಓದಿ. ಶಸ್ತ್ರಚಿಕಿತ್ಸೆಯ ನಂತರ ಸ್ವಯಂಸೇವಕಿಯೊಬ್ಬರು ಬಂದು, ಖಾಲಿ ಜಾಗದಲ್ಲಿ ಇಟ್ಟುಕೊಳ್ಳಲು ಕುರಿಯುಣ್ಣೆ ತುಂಬಿದ ನಸುಗೆಂಪು ಮೆತ್ತೆಯನ್ನು ಕೊಟ್ಟು, ಗಂಡಸರ ಕಣ್ಣಿಗೆ ಮೊದಲಿನಂತೆಯೇ ಕಾಣುವಿರೆಂದು ಧೈರ್ಯ ಹೇಳುತ್ತಾರೆ. ಲಾರ್ಡ್ ಅದನ್ನು ಹಾಕಿಕೊಂಡು ನೋಡಿದರೆ, ಬಟ್ಟೆಯೊಳಗಿಂದ ಅದು ತಮ್ಮ ಮೈಬಣ್ಣಕ್ಕೆ ಸೇರದೆ ವಿಕಾರವಾಗಿ ಬಿಳಿಚಿಕೊಂಡಿರುತ್ತದೆ. ಕಪ್ಪು ಹೆಣ್ಣು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಆ ಸಾಂತ್ವನದ ಲೆಕ್ಕದಲ್ಲೇ ಇರಲಿಲ್ಲ. ಮುಂದೆ ಅವರು ಕೃತಕ ಸ್ತನವಿಲ್ಲದೆ ತಪಾಸಣೆಗೆ ಹೋದಾಗ, ಇದರಿಂದ ಇಲ್ಲಿಯವರ ಮನೋಸ್ಥೈರ್ಯ ಕುಗ್ಗುತ್ತದೆ ಎಂದು ನರ್ಸ್ ಆಕ್ಷೇಪಿಸುತ್ತಾರೆ. ಒಂದು ಕಣ್ಣು ಕಳೆದುಕೊಂಡಿದ್ದ ಇಸ್ರೇಲಿನ ಸೇನಾನಾಯಕ ಮೋಶೆ ದಯಾನ್ ಕಣ್ಣುಪಟ್ಟಿ ಕಟ್ಟಿಕೊಂಡರೆ ಲೋಕ ಅವರನ್ನು ಯೋಧನೆಂದು ಕಾಣುತ್ತದೆ, ಗಾಜಿನ ಕಣ್ಣು ಹಾಕಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲ ಎಂಬುದು ಲಾರ್ಡ್ ವಾದ. ಎದೆಯ ಮೇಲೆ ಆ ಮೆತ್ತೆಯನ್ನು ಬೇಡವೆಂದವರು ಬರಹದ ಮೇಲೆ ಅದನ್ನು ಹೇಗೆ ಇಟ್ಟಾರು?

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ತಿದ್ದುವುದೇ ತಪ್ಪೆಂದು ಲಾರ್ಡ್ ಭಾವಿಸಿರಲಿಲ್ಲ. 1982ರ ತಮ್ಮ ಪುಸ್ತಕ ‘ಜಾಮಿ’ಯಲ್ಲಿ ಸ್ವಂತ ಬದುಕು, ಚರಿತ್ರೆ, ಪುರಾಣಗಳನ್ನು ಬೆರೆಸಿ, ಆ ಬಗೆಯ ಬರವಣಿಗೆಗೆ ‘ಬಯೋಮಿಥಾಗ್ರಫಿ’ ಎಂಬ ಹೆಸರನ್ನೇ ಕೊಟ್ಟರು. ಕಾಯಿಲೆಯ ವಿಷಯ ಬೇರೆ. 1984ರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದು ತಿಳಿಯಿತು, 1988ರ ‘ಎ ಬರ್ಸ್ಟ್ ಆಫ್ ಲೈಟ್’ನಲ್ಲಿ ಮತ್ತೆ ದಿನಚರಿಗೇ ಮರಳಿದರು, 1992ರಲ್ಲಿ ತೀರಿಕೊಂಡರು. ಗೆದ್ದುಬಂದ ಕತೆಯೆಂದು ಮೊದಲ ಪುಸ್ತಕವನ್ನು ನಯಗೊಳಿಸಿದ್ದರೆ, ಎರಡನೆಯದನ್ನು ಬರೆಯುವಾಗ ಅದು ಅವರ ಕೈಹಿಡಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನೀವು ಇಂದಿನ ಮಾತನ್ನು ಪಕ್ಕದಲ್ಲಿ ಬರೆಯಿರಿ, ಅಂದಿನದನ್ನು ಅಳಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಈ ಸಂಜೆ ಆಸ್ಪತ್ರೆಗೆ ದಾಖಲಾದ ದಿನದ ಟಿಪ್ಪಣಿಯನ್ನು ತೆಗೆದು ನೋಡಿದೆ. ಜೊತೆಗೆ ಬಂದವರು ಯಾರೆಂಬಲ್ಲಿ ‘ಸಂಗಾತಿ’ ಎಂದು ಬರೆದು, ಅದಕ್ಕೆ ಗೀಟು ಹಾಕಿ, ‘ಅಕ್ಕ’ ಎಂದು ತಿದ್ದಿದ್ದೇನೆ. ನನ್ನದೇ ಟಿಪ್ಪಣಿ ಪುಸ್ತಕ, ಅದನ್ನು ಓದುವವರು ಬೇರೆ ಯಾರೂ ಇರಲಿಲ್ಲ. ಆ ಪುಟವನ್ನು ಗೀಟಿನ ಸಮೇತ ನಕಲು ಮಾಡಿಕೊಂಡಿದ್ದೇನೆ, ಮೊದಲ ಅಧ್ಯಾಯ ಅಲ್ಲಿಂದಲೇ ಶುರುವಾಗುತ್ತದೆ.