ಹಾಲು-ಮೊಸರೂ ಇಲ್ಲದ ಕಾಳು-ತಪ್ಪಲದ (ಸೊಪ್ಪಿನ) ಊಟ ನಮ್ಮ ಕಡೆ ನಡೆಯುತ್ತಾ? ಗೊತ್ತಿದ್ದವರು ಹೇಳಿ

ಕೇಶ್ವಾಪುರದವ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ ರೀ. ವಯಸ್ಸು ನಲವತ್ತು ದಾಟಿದೆ, ದಿನವಿಡೀ ಕುಳಿತು ಮಾಡುವ ಕೆಲಸ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಅಣ್ಣನಿಗೆ ಬಿಪಿ ಶುರುವಾಗಿದೆ. ನನ್ನ ಸೊಂಟದ ಸುತ್ತಳತೆ 98 ಸೆಂ.ಮೀ., ಗಂಡಸರಿಗೆ 90 ದಾಟಬಾರದು ಅಂತ ಡಾಕ್ಟರ್ ಹೇಳಿದರು. ನನಗೆ ಎರಡು ತಿಂಗಳ ಪಥ್ಯ ಬೇಡ, ಇಳಿದ ತೂಕ ಮತ್ತೆ ಏರದ ಹಾಗೆ ಕೊನೆತನಕ ಉಣ್ಣಬಹುದಾದ ಊಟ ಬೇಕು. ಬರೀ ಕಾಳು, ಸೊಪ್ಪು, ತರಕಾರಿ, ಹಣ್ಣು ಅಂತ ಮನಸ್ಸು ಮಾಡಿದ್ದೇನೆ. ಆದರೆ ಮೊಬೈಲ್ ತೆರೆದರೆ ಎಲ್ಲರೂ ಪರದೇಶದ ಕೇಲ್ ಸೊಪ್ಪು, ಕಿನೋವಾ ಕಾಳು, ಅವಕಾಡೊ ಹಣ್ಣು ಅಂತಾರೆ. ಜನತಾ ಬಜಾರಿನಲ್ಲಿ ಅದನ್ನು ಯಾರನ್ನು ಕೇಳೋದು? ರೊಟ್ಟಿ ಬಿಡಬೇಕಾ? ಪ್ರೋಟೀನ್ ಸಾಕಾಗುತ್ತಾ? ಮೊಸರು ಬಿಡುತ್ತೇನೆ ಅಂದಿದ್ದಕ್ಕೆ ಅವ್ವ ಎರಡು ದಿನ ಸರಿಯಾಗಿ ಮಾತಾಡಿಲ್ಲ.

ಗದಗಿನ ಅಡುಗೆಮನೆ

ಅಣ್ಣಾ, ರೊಟ್ಟಿ ಯಾಕೆ ಬಿಡ್ತೀರಿ? ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ಹಸಿಯಲ್ಲ. ತೊಂದರೆ ಇರೋದು ಲೆಕ್ಕದಲ್ಲಿ. ನಾಲ್ಕು ರೊಟ್ಟಿಗೆ ಒಂದು ಚಮಚ ಪಲ್ಯ ಹಚ್ಚಿಕೊಂಡು ಉಂಡು, ಮೇಲೆ ಅನ್ನ ಸಾರು ಕಲಸುತ್ತೇವೆ. ಅದನ್ನು ತಿರುಗಿಸಿ. ಒಂದೂವರೆ ರೊಟ್ಟಿ, ಒಂದು ಬಟ್ಟಲು ಮಡಿಕೆಕಾಳು ಇಲ್ಲಾ ಹೆಸರುಕಾಳು, ಇನ್ನೊಂದು ಬಟ್ಟಲು ತುಂಬ ತಪ್ಪಲ ಪಲ್ಯ. ಮೆಂತ್ಯ, ರಾಜಗಿರಿ, ಪುಂಡಿ, ಕಿರಕಸಾಲಿ, ಯಾವುದು ತಾಜಾ ಇದೆಯೋ ಅದು. ಪಕ್ಕದಲ್ಲಿ ಹಸಿ ಹಕ್ಕರಕಿ, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿ. ಇಷ್ಟೆಲ್ಲಾ ಬೆಳೆಯುವ ಸೀಮೆಯಲ್ಲಿದ್ದು ನಾವು ಕೇಲ್ ಹುಡುಕೋದು ನನಗೆ ನಿಜವಾಗಿ ಬೇಸರದ ಮಾತು.

ಎಣ್ಣೆ ಮಾತ್ರ ಕಣ್ಣಳತೆಯಲ್ಲಿ ಹಾಕಬೇಡಿ. ಎಣ್ಣೆಗಾಯಿ ಅಂತ ಬದನೆಕಾಯಿ ಮೇಲೆ ಎಣ್ಣೆ ತೇಲಿಸಿ, ಆಮೇಲೆ ತರಕಾರಿ ತಿಂದೂ ತೂಕ ಇಳಿದಿಲ್ಲ ಅಂದರೆ ಏನು ಹೇಳೋದು? ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಶೇಂಗಾ ಚಟ್ನಿಯೂ ಹಾಗೇ, ಒಳ್ಳೆಯದೇ ಆದರೂ ನೂರು ಗ್ರಾಂ ಶೇಂಗಾದಲ್ಲಿ ಐನೂರಕ್ಕೂ ಹೆಚ್ಚು ಕ್ಯಾಲೊರಿ ಇರುತ್ತೆ. ಒಂದು ಚಮಚ ಸಾಕು. ದಿನಾ ಅಗಸಿ ಪುಡಿ ತಪ್ಪಿಸಬೇಡಿ, ಒಮೆಗಾ-3 ಅನ್ನೋ ಒಳ್ಳೆಯ ಕೊಬ್ಬು ಅದರಲ್ಲಿದೆ. ಅಗಸಿ ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತೆ, ಹುರಿದು ಪುಡಿ ಮಾಡಿಯೇ ತಿನ್ನಬೇಕು.

ಆಹಾರ ಸಲಹೆ, ಧಾರವಾಡ

ಅಕ್ಕಾ ಹೇಳಿದ್ದು ಸರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದೇ ದಾರಿಯದು. 2000 ಕ್ಯಾಲೊರಿಯ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ. ನಮ್ಮ ಮನೆಗಳಲ್ಲಿ ಧಾನ್ಯ ದಾಟುತ್ತೆ, ತರಕಾರಿ ಅರ್ಧಕ್ಕೂ ಬರಲ್ಲ. ಆ ಪಟ್ಟಿಯಲ್ಲಿ ಹಾಲೂ ಇದೆ, ನೀವು ಬಿಡೋದಾದರೆ ಕಾಳಿನ ಪಾಲು ಇನ್ನಷ್ಟು ಏರಿಸಿ. ಪ್ರೋಟೀನ್ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. ಒಣ ಹೆಸರುಕಾಳು ನೂರು ಗ್ರಾಂ ಇದ್ದರೆ ಇಪ್ಪತ್ತಕ್ಕೂ ಹೆಚ್ಚು ಗ್ರಾಂ, ಅಷ್ಟೇ ಜೋಳದಲ್ಲಿ ಸುಮಾರು ಹತ್ತು. ಕಾಳು ಎರಡು ಹೊತ್ತೂ ಇದ್ದರೆ ಹೆದರಬೇಕಿಲ್ಲ.

ಆದರೆ ವಿಟಮಿನ್ ಬಿ12 ವಿಷಯ ದಯವಿಟ್ಟು ಸುಮ್ನೆ ಬಿಡಬೇಡಿ. ಸೊಪ್ಪು-ಕಾಳಿನಲ್ಲಿ ಅದು ನಂಬುವಷ್ಟು ಇಲ್ಲ. ಹಾಲು-ಮೊಸರೂ ಬಿಟ್ಟರೆ ಮಾತ್ರೆ ಬೇಕೇ ಬೇಕು. ಲಿವರ್‌ನಲ್ಲಿ ಕೂಡಿಟ್ಟದ್ದು ವರ್ಷಗಟ್ಟಲೆ ಬರೋದರಿಂದ ಮೊದಲು ಏನೂ ಗೊತ್ತಾಗಲ್ಲ, ಆಮೇಲೆ ಕಾಲು ಜೋಮು, ಸುಸ್ತು, ಮರೆವು. ಎಷ್ಟೋ ಜನ ಇದನ್ನು ವಯಸ್ಸಾಯಿತು ಅಂತ ತಿಳಿದುಕೊಂಡು ಕೂರುತ್ತಾರೆ, ಅದನ್ನು ನೋಡಿದಾಗ ಸಂಕಟವಾಗುತ್ತೆ. ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಅಪ್ಪ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದರೆ ಅವರಿಗೂ ಮಾಡಿಸಿ, ಆ ಮಾತ್ರೆಯಿಂದಲೂ ಬಿ12 ಇಳಿಯುತ್ತೆ. ಅವರ ಊಟ ಬದಲಾಯಿಸೋದಾದರೆ ಡಾಕ್ಟರನ್ನು ಕೇಳಿಯೇ ಮಾಡಿ, ಔಷಧಿ ಹಾಗೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಕುಸಿಯಬಹುದು.

ಇನ್ನೊಂದು, ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಲಿಂಬೆ ಹಿಂಡಿ. ಉಂಡ ಕೂಡಲೇ ಚಹಾ ಬೇಡ, ಒಂದು ತಾಸು ಬಿಡಿ.

ಹಾವೇರಿ ರೈತ

ಜೋಳದ ಹೊಲದಲ್ಲಿ ನಡುನಡುವೆ ಅಕ್ಕಡಿ (ಮಿಶ್ರ ಬೆಳೆಯ) ಸಾಲು ಹಾಕಿ ತೊಗರಿ, ಮಡಿಕೆ, ಹೆಸರು ಬೆಳೆಯುತ್ತಿದ್ದ ಕಾಲದಲ್ಲಿ ಮನೆಯಲ್ಲೂ ಎರಡನ್ನೂ ಜತೆಗೇ ಉಣ್ಣುತ್ತಿದ್ದರು. ಜೋಳದಲ್ಲಿ ಕಡಿಮೆ ಇರೋ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಾಳಿನಲ್ಲಿದೆ. ಈಗ ಕಾಳು ಮಾರಿ ರವೆ, ಮೈದಾ ತರುತ್ತೇವೆ, ಅದು ನನಗೆ ಸರಿ ಅನಿಸಲ್ಲ. ಅನ್ನ ಬೇಕೆನಿಸಿದ ದಿನ ನವಣೆ ಇಲ್ಲಾ ಸಾವೆ ಮಾಡಿ, ಜಾಸ್ತಿ ಪಾಲಿಶ್ ಮಾಡದ್ದನ್ನು ಕೇಳಿ ತಗೊಳ್ಳಿ. ಮೊಸರಿನ ವಿಷಯದಲ್ಲಿ ನನ್ನ ಮಾತು ಬೇರೆ: ಅವ್ವನ ಮನಸ್ಸು ನೋಯಿಸಿ ಪೂರ್ತಿ ಬಿಡೋ ಅಗತ್ಯ ಏನಿದೆ? ಒಂದು ವಾಟಿ ಮಜ್ಜಿಗೆಯಿಂದ ತೂಕ ಏರಲ್ಲ. ಸಂಜೆಯ ಗಿರ್ಮಿಟ್ ಜತೆ ಬರೋ ಮಿರ್ಚಿ ಭಜಿ ಬಿಡಿ ಮೊದಲು.

ಕೇಶ್ವಾಪುರದವ, ಹುಬ್ಬಳ್ಳಿ

ಎಲ್ಲರಿಗೂ ಭಾಳ ಧನ್ಯವಾದ. ನಾಳೆ ಅಪ್ಪನ್ನೂ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಗದಗಿನ ಅಕ್ಕಾ, ಕಾಳು ಮೊಳಕೆ ಬರಿಸಿದರೆ ನನಗೆ ಗ್ಯಾಸ್ ಆಗುತ್ತೆ, ಏನು ಮಾಡಲಿ?

ಗದಗಿನ ಅಡುಗೆಮನೆ

ಹಸಿ ತಿನ್ನಬೇಡಿ, ಬೇಯಿಸಿ. ನೆನೆಸಿದ ನೀರು ಚೆಲ್ಲಿ, ಒಗ್ಗರಣೆಗೆ ಅಜವಾನ, ಇಂಗು ಹಾಕಿ. ಮೊದಲು ಅರ್ಧ ಬಟ್ಟಲಿನಿಂದ ಶುರು ಮಾಡಿ, ಕೆಲವು ವಾರಗಳಲ್ಲಿ ಹೊಟ್ಟೆಗೆ ರೂಢಿಯಾಗುತ್ತೆ.