ಅಯ್ಯನವರನ್ನು ಕೇಳಿ: ರಕ್ಷಣೆ ಮತ್ತು ಪರಲೋಕ

ಅಡ್ಮಿನ್: ಎಲ್ಲರಿಗೂ ವಂದನೆಗಳು. ಇವತ್ತು ರಾತ್ರಿ ಎಂಟರಿಂದ ನಮ್ಮ ಮೆಥಡಿಸ್ಟ್ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರು ಉತ್ತರ ಕೊಡ್ತಾರೆ. ರಾಯಚೂರು ಸೀಮೆಯ ಹಳ್ಳಿ ಸಭೆಗಳಲ್ಲಿ ಇಪ್ಪತ್ತಾರು ವರ್ಷ ಸೇವೆ ಮಾಡಿದವರು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬ್ಯಾಡ್ರಿ.

ಲಿಂಗಸುಗೂರಿನಿಂದ: ವಂದನೆ ಅಯ್ಯನವರೇ. ಪರಲೋಕಕ್ಕೆ ಹೋಗಾಕ ಏನ್ ಮಾಡ್ಬೇಕು? ಒಂದೇ ಮಾತಿನ್ಯಾಗ ಹೇಳ್ರಿ.

ಅಯ್ಯನವರು: ವಂದನೆ ತಮ್ಮಾ. ಫಿಲಿಪ್ಪಿ ಊರಿನ ಸೆರೆಮನೆಯ ಯಜಮಾನನೂ ಯೇಸುವಿನ ಸುವಾರ್ತೆ ಸಾರ್ತಿದ್ದ ಪೌಲ ಸೀಲರನ್ನು ಇದನ್ನೇ ಕೇಳಿದ. ಕರ್ತನಾದ ಯೇಸುವನ್ನು ನಂಬು, ರಕ್ಷಣೆ ಸಿಗ್ತದ ಅಂದರು (ಅಪೊಸ್ತಲರ ಕೃತ್ಯಗಳು 16:31). ಮಾಡಬೇಕಾದ್ದನ್ನು ಆತ ಶಿಲುಬೆಯ ಮೇಲೆ ಮಾಡಿ ಮುಗಿಸಿದ್ದಾನೆ. ಪಾಪ ಬಿಟ್ಟು ತಿರುಗೋದು, ಕೈಚಾಚಿ ತಗೊಳ್ಳೋದು ನಮ್ಮ ಪಾಲಿನದು.

ಮಸ್ಕಿಯಿಂದ: ದಶಮಾಂಶ, ಅಂದ್ರ ಗಳಿಕೆಯ ಹತ್ತನೇ ಪಾಲು, ಸಭೆಗೆ ಕೊಡದವರಿಗೆ ಪರಲೋಕ ಇಲ್ಲ ಅಂತಾರಲ್ರಿ?

ಅಯ್ಯನವರು: ಸುಳ್ಳು. ಕೃಪೆಯಿಂದ, ನಂಬಿಕೆಯ ಮೂಲಕ, ದೇವರು ಕೊಟ್ಟ ವರವಾಗಿ ರಕ್ಷಣೆ ಸಿಗ್ತದ. ಯಾರೂ ಹೊಗಳಿಕೊಳ್ಳೋ ಹಾಗಿಲ್ಲ (ಎಫೆಸದವರಿಗೆ 2:8-9). ಕಾಣಿಕೆ ಕೃತಜ್ಞತೆಗೆ ಕೊಡೋದು.

ಸಿಂಧನೂರಿನಿಂದ: *ಈ ಪ್ರಾರ್ಥನೆಯನ್ನು 21 ಜನರಿಗೆ ಕಳಿಸಿ, ಅಭಿಷೇಕದ ಎಣ್ಣೆಯನ್ನು ಏಳು ದಿನ ಹಣೆಗೆ ಹಚ್ಚಿ, ನಿಮ್ಮ ಹೆಸರು ಜೀವಪುಸ್ತಕದಲ್ಲಿ ಬರೆಯಲ್ಪಡುವುದು. ಕಳಿಸದವರಿಗೆ ಶಾಪ.*

ಅಯ್ಯನವರು: ತೆಗೆಯಿರಿ ಇದನ್ನ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿರಿ ಅಂತ ಬೈಬಲಿನ ಯಾಕೋಬನ ಪತ್ರಿಕೆಯಲ್ಲಿದೆ. ಎಣ್ಣೆಯಿಂದ ಜೀವಪುಸ್ತಕದಾಗ, ಅಂದ್ರ ಪರಲೋಕ ಸೇರೋರ ಪಟ್ಟಿಯಾಗ, ಹೆಸರು ಬರ್ತದಂತ ಎಲ್ಲೂ ಇಲ್ಲ. ಹೆದರಿಸಿ ಕಳಿಸೋದು ಸುವಾರ್ತೆ ಅಲ್ಲ.

ದೇವದುರ್ಗ ಕಡೆಯ ಸಹೋದರಿ: ಅಯ್ಯನವರೇ, ನಮ್ಮ ಮಾವಾರಿಗೆ 64 ವರ್ಷ. ಸಕ್ಕರಿ ಕಾಯಿಲೆ, ದಿನಾ ಎರಡು ಹೊತ್ತು ಇನ್ಸುಲಿನ್ ಸೂಜಿ. ಹೋದ ವಾರ ಒಂದು ಕೂಟಕ್ಕ ಹೋಗಿದ್ರು. ಔಷಧಿ ತಗೊಳ್ಳೋನಿಗೆ ನಂಬಿಕೆ ಇಲ್ಲ, ನಂಬಿಕೆ ಇಲ್ಲದೋನಿಗೆ ರಕ್ಷಣೆ ಇಲ್ಲ ಅಂತ ಹೇಳಿ ಒಂದು ಎಣ್ಣಿ ಶೀಶೆ ಕೊಟ್ಟು ಕಳಿಸ್ಯಾರ. ಸೂಜಿ ಬಿಟ್ಟು ಐದು ದಿನ ಆತು. ಔಷಧಿ ಫ್ರಿಜ್ಜಿನ ಬಾಗಿಲದಾಗ ಹಂಗೇ ಕುಂತೈತಿ. ರಾತ್ರಿಯೆಲ್ಲಾ ನೀರು ನೀರು ಅಂತಾರ. ಇವತ್ತು ಎರಡು ಸಲ ವಾಂತಿ ಆತು. ದವಾಖಾನಿಗೆ ಹೋಗೂಣು ಅಂದ್ರ "ನನ್ನ ಪರಲೋಕ ಕಳೀಬ್ಯಾಡವ್ವಾ" ಅಂತ ಕೈಮುಗಿದು ಅಳ್ತಾರ. ಏನ್ ಹೇಳ್ಲಿ?

ಅಯ್ಯನವರು: ತಂಗೀ, ಮೊದಲು 108ಕ್ಕೆ ಫೋನ್ ಮಾಡು. ಬೆಳಗಿನತನಕ ಕಾಯಬ್ಯಾಡ. ನಾನು ಡಾಕ್ಟರ್ ಅಲ್ಲ. ಆದರೆ ಸೂಜಿ ಬಿಟ್ಟು, ಬಾಯಾರಿ, ವಾಂತಿ ಆದ ಮನುಷ್ಯನನ್ನು ಎರಡು ದಿನ ಪ್ರಾರ್ಥನೆಯಲ್ಲೇ ಇಟ್ಟುಕೊಂಡಿದ್ದ ಒಂದು ಮನೆಗೆ ನಾನು ಹೋಗಿದ್ದೆ. ಹೋಗಿದ್ದು ಮಣ್ಣಿಗೆ. ದಿಂಬಿನ ಹತ್ತಿರ ಅಂಥದೇ ಶೀಶೆ ಇತ್ತು, ಅರ್ಧ ಖಾಲಿ. ನೀವಾಗೇ ಸೂಜಿಯ ಅಳತೆ ಏರಿಸಬ್ಯಾಡ್ರಿ, ಅಲ್ಲಿಯವರು ನೋಡ್ತಾರೆ.

ಗಾಡಿ ಬರೋತನಕ ಮಾವನವರ ಪಕ್ಕ ಕೂತು ಇದನ್ನ ಓದಿ ಹೇಳು. ಹಿಜ್ಕೀಯ ರಾಜ ಸಾಯೋ ಹಾಗಿದ್ದಾಗ ದೇವರು ಅವನ ಪ್ರಾರ್ಥನೆ ಕೇಳಿದ. ಕೇಳಿದ ಮೇಲೂ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. ಸುವಾರ್ತೆ ಬರೆದ ಲೂಕ ವೈದ್ಯ. ಎಷ್ಟೋ ಜನರನ್ನ ಗುಣಮಾಡಿದ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯವನಾಗೇ ಬಿಟ್ಟು ಬರಬೇಕಾಯ್ತು. ತ್ರೊಫಿಮನ ರಕ್ಷಣೆ ಹೋಯ್ತು ಅಂತ ಪೌಲ ಬರೆಯಲಿಲ್ಲ.

ಇನ್ನೊಂದು ಮಾತು. ನನ್ನ ನಂಬಿಕೆ ಸಾಲದು ಅನ್ನೋ ಅಂಜಿಕೆ ಅವರೊಬ್ಬರದೇ ಅಲ್ಲ. ನಮ್ಮ ಮೆಥಡಿಸ್ಟ್ ಸಭೆಗೆ ಮೂಲಪುರುಷ ಜಾನ್ ವೆಸ್ಲಿ. ಪಾದ್ರಿಯಾಗಿದ್ದ, ಉಪವಾಸ ಮಾಡ್ತಿದ್ದ, ಸೆರೆಮನೆಗೆ ಹೋಗಿ ಕೈದಿಗಳನ್ನ ಕಾಣ್ತಿದ್ದ. ಆದರೂ ಅಂಜಿಕೆ ಬಿಡಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಕೂತಿದ್ದಾಗ, ತನ್ನ ಭಾರವನ್ನೆಲ್ಲ ಕ್ರಿಸ್ತನ ಮೇಲೆ ಹಾಕಬಹುದು ಅಂತ ಅವನ ಎದೆಗೆ ಹತ್ತಿತು. ಅದೇ ವೆಸ್ಲಿ 1746ರಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಕೊಡೋ ದವಾಖಾನೆ ತೆರೆದ. ಮಾವನವರಿಗೆ ಹೇಳು: ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಒಳ್ಳೇದು ಮಾಡಾಕ ಕೈ ಬಿಡುವಿರಲಿಲ್ಲ, ಸಭೆಗೆ ಸೇರೋ ದೀಕ್ಷಾಸ್ನಾನಕ್ಕೆ ಮುಳುಗಾಕ ನೀರಿರಲಿಲ್ಲ. ನನ್ನನ್ನ ನೆನಪಿಸಿಕೋ ಅಂತ ಯೇಸುವಿಗೆ ಅಂದ. ಅವತ್ತೇ ಪರದೈಸು ಸಿಕ್ಕಿತು. ಹಾಗೆ ಸಿಕ್ಕಿದ್ದನ್ನ ಒಂದು ಸೂಜಿ ಕಿತ್ತುಕೊಳ್ಳಲಾರದು.

ಹೊರಟ ಕೂಡಲೇ ಇಲ್ಲಿ ಬರಿ.

ಕೊಪ್ಪಳದಿಂದ: ನಾನು ಕ್ರೈಸ್ತ ಅಲ್ರಿ, ಗೆಳೆಯ ಈ ಗುಂಪಿಗೆ ಸೇರಿಸ್ಯಾನ. ಹೋದ ವರ್ಷ ನಮ್ಮವ್ವ ತೀರಿಕೊಂಡ್ಲು. ಯೇಸುವಿನ ಹೆಸರು ಕೇಳಿದಾಕಿ ಅಲ್ಲ. ಹಸಿದು ಬಂದೋರನ್ನ ರೊಟ್ಟಿ ಕೊಡದೆ ಕಳಿಸಿದಾಕಿನೂ ಅಲ್ಲ. ತನ್ನ ಮೂಲಕ ಅಲ್ಲದೆ ಯಾರೂ ತಂದೆಯ ಹತ್ತಿರ ಬರೋದಿಲ್ಲ ಅಂತ ಯೇಸು ಅಂದಾನಂತ. ನಮ್ಮವ್ವ ಈಗ ಎಲ್ಲಿದಾಳ್ರಿ?

ಮುದಗಲ್ಲಿನಿಂದ: ಅಯ್ಯನವರೇ, ನಾವು ಕಥೋಲಿಕರು. ಕೂಸಿದ್ದಾಗ ಜ್ಞಾನಸ್ನಾನ (ನೀವು ದೀಕ್ಷಾಸ್ನಾನ ಅಂತೀರಲ್ಲ, ಅದೇ) ಆದವರಿಗೆ ಮತ್ತೆ ದೀಕ್ಷಾಸ್ನಾನ ಬೇಕಾ?

ಮಾನ್ವಿಯಿಂದ: ಬೇಕೇ ಬೇಕು. ಕೂಸಿಗೆ ನೀರು ಚಿಮುಕಿಸಿದ್ದು ಸ್ನಾನ ಅಲ್ಲ. ನಂಬಬೇಕು, ಆಮೇಲೆ ಮುಳುಗಬೇಕು.

ಮುದಗಲ್ಲಿನಿಂದ: ನಾನು ಅಯ್ಯನವರನ್ನ ಕೇಳಿದ್ದು. ಆ ಸೆರೆಮನೆಯವನ ಮನೆಮಂದಿಗೆಲ್ಲಾ ಅದೇ ರಾತ್ರಿ ಸ್ನಾನ ಆತು. ಅದರಾಗ ಕೂಸುಗಳು ಇರಲಿಲ್ಲಂತ ಯಾರು ಹೇಳಿದ್ರು?

ಮಾನ್ವಿಯಿಂದ: ಇದ್ದವು ಅಂತ ಯಾರು ಹೇಳಿದ್ರು? ನಿಮ್ಮದು ಪುಣ್ಯ ಮಾಡಿ ಪರಲೋಕ ಗಳಿಸೋ ಮತ.

ಮುದಗಲ್ಲಿನಿಂದ: ಓದಿ ಮಾತಾಡ್ರಿ. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಾಗ ಕಥೋಲಿಕರು, ಲೂಥರನ್ನರು ಕೂಡಿ ಸಹಿ ಹಾಕ್ಯಾರ. ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನ ಸ್ವೀಕರಿಸ್ತಾನ ಅಂತ. 2006ರಾಗ ಮೆಥಡಿಸ್ಟರೂ ಒಪ್ಪ್ಯಾರ.

ಅಯ್ಯನವರು: ಮುದಗಲ್ಲಿನವರು ಹೇಳಿದ್ದು ಸರಿ. ಮತ್ತೆ ದೀಕ್ಷಾಸ್ನಾನ ಬೇಡ. ನಮ್ಮ ಸಭೆಯಲ್ಲೂ ಕೂಸುಗಳಿಗೆ ಕೊಡ್ತೇವೆ. ದೇವದುರ್ಗದ ತಂಗಿ, ಹೊರಟಿರಾ?

ಮಾನ್ವಿಯಿಂದ: ಹಂಗಾದ್ರ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬ ಯಾಕ ಬರೆದ? ಅದಕ್ಕೂ ಉತ್ತರ ಕೊಡ್ರಿ.

ಅಯ್ಯನವರು: ಬದುಕಿದ ಮರ ಹಣ್ಣು ಬಿಡ್ತದ. ಹಣ್ಣು ತಂದು ಕಟ್ಟಿದ್ರ ಒಣಗಿದ ಮರ ಬದುಕೋದಿಲ್ಲ. ಇಷ್ಟೇ.

ಮಾನ್ವಿಯಿಂದ: ನಿಮ್ಮಂಥ ಪಾದ್ರಿಗಳಿಂದಲೇ ಸಭೆ ತಣ್ಣಗಾಗಿದ್ದು.

ಮುದಗಲ್ಲಿನಿಂದ: ದೊಡ್ಡವರ ಜೊತೆ ಮಾತಾಡೋ ರೀತಿ ಏನ್ರಿ ಇದು?

ಸಿರವಾರದಿಂದ: ದಶಮಾಂಶ ಕೊಡದಿದ್ರ ಪರಲೋಕ ಸಿಗ್ತದೇನ್ರಿ?

ಅಯ್ಯನವರು: ಮೇಲೆ ಹೇಳಿದೆ. ಓದಿ.

ಸಿಂಧನೂರಿನಿಂದ: *ಇನ್ಸುಲಿನ್ ಬೇಡ! ಹಾಗಲಕಾಯಿ ರಸ ಮತ್ತು ಅಭಿಷೇಕದ ಎಣ್ಣೆ...*

ಅಯ್ಯನವರು: ಅಡ್ಮಿನ್, ಇವರನ್ನ ತೆಗೀರಿ. ಈಗಲೇ. ಒಬ್ಬ ಮನುಷ್ಯನ ಜೀವ ತೂಗಾಡಾಕತ್ತೈತಿ, ಆ ಹುಡುಗಿ ಇದೇ ಗುಂಪನ್ನ ನೋಡ್ತಾ ಕೂತಿದಾಳೆ.

ಅಡ್ಮಿನ್: ತೆಗೆದೆ. ದೀಕ್ಷಾಸ್ನಾನದ ವಾದ ಸಾಕು, ಇಬ್ಬರೂ ನಿಲ್ಲಿಸ್ರಿ.

ಕೊಪ್ಪಳದಿಂದ: ಅಯ್ಯನವರೇ, ನಮ್ಮವ್ವನ ಬಗ್ಗೆ ಕೇಳಿದ್ದೆ.

ಮಾನ್ವಿಯಿಂದ: ನಾನು ಗುಂಪು ಬಿಡ್ತೀನಿ.

ದೇವದುರ್ಗ ಕಡೆಯ ಸಹೋದರಿ: ಅಯ್ಯನವರೇ, ದವಾಖಾನಿಗೆ ಬಂದ್ವಿ. ಸಕ್ಕರಿ 438 ಬಂತು. ಡ್ರಿಪ್ ಹಾಕ್ಯಾರ, ಇನ್ಸುಲಿನ್ ಶುರು ಮಾಡ್ಯಾರ. ಗಾಡಿಯಾಗ ಕಳ್ಳನ ಮಾತನ್ನ ಮೂರು ಸಲ ಓದಿಸಿದ್ರು. ಶೀಶೆ ಮಾತ್ರ ಇನ್ನೂ ಮುಷ್ಟ್ಯಾಗ ಐತಿ. ನೀವು ಬಂದು ಹೇಳಿದ್ರ ಬಿಡ್ತಾರಂತ.

ಅಯ್ಯನವರು: ಬೆಳಿಗ್ಗೆ ಮೊದಲನೇ ಬಸ್ಸಿಗೆ ಬರ್ತೀನಿ. ವಾರ್ಡ್ ಯಾವುದು ಅಂತ ನನಗೊಬ್ಬನಿಗೇ ಕಳಿಸು.